ಸಂದಿಗೆ ಒಡ್ಡಿದ ಚೀಲಗಳು

“ನನ್ನ ಮರಳಿಗೆ ಯಾರೂ ಕೈ ಹಾಕಕೂಡದು!”

ಜಗಲಿಯ ಮೇಲಿಂದ ಸುಮಿತ್ರಮ್ಮ ಕೂಗಿದ ಕೂಗಿಗೆ ಗೇಟಿನ ಬಳಿಯ ಮರಳ ರಾಶಿಯತ್ತ ನೀರಿನಲ್ಲಿ ಬರುತ್ತಿದ್ದ ಧನುಶ್ರೀ ಅಲ್ಲೇ ನಿಂತಳು. ಅವಳ ಕಂಕುಳಲ್ಲಿ ಖಾಲಿ ಬೂಸಾ ಚೀಲಗಳ ಕಟ್ಟಿತ್ತು. ಅರಸೀಕೆರೆಯ ಕೆರೆ ಕೋಡಿ ಬಿದ್ದು, ಬೆಳಗಿನಿಂದ ಬೀದಿಯಲ್ಲಿ ನೀರು ಏರುತ್ತಲೇ ಇತ್ತು.

ಧನುಶ್ರೀ ಆ ಮನೆಯ ಕಿರಿಯ ಸೊಸೆ. ಆದರೆ ಸುಮಿತ್ರಮ್ಮ ಅವಳನ್ನು ಒಂದು ದಿನವೂ ಸೊಸೆಯೆಂದು ಕರೆದವರಲ್ಲ. ಬಸ್ ಡ್ರೈವರ್ ಆಗಿದ್ದ ಕಿರಿಮಗ ಶಶಿಕಿರಣ್ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ಬಂದಾಗ, ಹಿತ್ತಿಲಿನ ಹಳೆಯ ಮಣ್ಣಿನ ಮನೆಯನ್ನು ತೋರಿಸಿ ತಮ್ಮ ಬಾಗಿಲು ಹಾಕಿಕೊಂಡಿದ್ದರು. ಅವಳು ಅಲ್ಲೇ ಹಸು ಕಟ್ಟಿ, ಹಾಲು ಮಾರಿ ಸಂಸಾರ ಹೂಡಿದಳು. ಅವಳ ಓಡಾಟವೂ ಕಣ್ಣಿಗೆ ಬೀಳಬಾರದೆಂದು ನಡುವೆ ಗೋಡೆ ಎಬ್ಬಿಸಲು ತರಿಸಿದ್ದ ಮರಳು ಅದು!

“ಅತ್ತೆ, ನಿಮ್ಮತ್ರ ಮರಳಿದೆ, ಚೀಲ ಇಲ್ಲ. ನನ್ನತ್ರ ಚೀಲ ಇದೆ. ಮೊದ್ಲು ನಿಮ್ಮ ಬಾಗಿಲಿಗೇ ಹಾಕೋಣ,” ಎಂದಳು ಧನುಶ್ರೀ ಮೆಲ್ಲಗೆ.

ಹಿರಿಮಗ ಇಂದ್ರೇಶ್ ಸನಿಕೆ ಹಿಡಿದೇ ಬಂದ. “ಅಮ್ಮಾ, ಸುಮ್ನಿರು! ಇನ್ನೊಂದು ಗಳಿಗೆ ಬಿಟ್ರೆ ಮರಳೂ ಕೊಚ್ಕೊಂಡು ಹೋಗ್ತೈತೆ.”

ಸುಮಿತ್ರಮ್ಮ ಮುಖ ತಿರುಗಿಸಿ ನಿಂತರು. ಬೇಡವೆನ್ನಲಿಲ್ಲ.

ಧನುಶ್ರೀ ಚೀಲದ ಬಾಯಿ ಹಿಡಿದಳು, ಇಂದ್ರೇಶ್ ತುಂಬಿದ. ಮುಂಬಾಗಿಲಿಗೆ ಅಡ್ಡವಾಗಿ ಚೀಲಗಳ ಸಾಲು ಏರಿತು. ಅಲ್ಲಿ ತಡೆದ ನೀರು ಪಕ್ಕದ ಸಂದಿಯತ್ತ ತಿರುಗಿತು. ಆ ಸಂದಿ ಇಳಿಜಾರಾಗಿ ಹೋಗಿ ಮುಟ್ಟುವುದು ಧನುಶ್ರೀಯ ಮನೆಯನ್ನೇ! ಎರಡೂ ಕಡೆಗೆ ಸಾಲುವಷ್ಟು ಚೀಲವಿರಲಿಲ್ಲ. ಅವಳು ಒಮ್ಮೆ ಅತ್ತ ನೋಡಿದಳು. “ಬೇಗ ತುಂಬಿ ಭಾವ,” ಎಂದಷ್ಟೇ ಹೇಳಿ ಮುಂದಿನ ಚೀಲ ಬಿಡಿಸಿದಳು. ಅವಳ ನೋಟ ಹೋದ ಕಡೆಗೇ ಸುಮಿತ್ರಮ್ಮನ ಕಣ್ಣೂ ಹೋಯಿತು.

ಅವರಿಗೆ ಆ ಹಳೆಯ ಮನೆ ಗೊತ್ತಿಲ್ಲದ್ದೇ? ಮದುವೆಯಾಗಿ ಬಂದು ಮೊದಲು ಒಲೆ ಹಚ್ಚಿದ್ದು ಅಲ್ಲಿ, ಇಬ್ಬರು ಮಕ್ಕಳನ್ನು ಹೆತ್ತದ್ದು ಅಲ್ಲಿ… ಆ ಗೋಡೆಗಳು ನೀರು ಕುಡಿದರೆ ನಿಲ್ಲುವುದಿಲ್ಲ. ಅವಳ ಜಾಗದಲ್ಲಿ ತಾನಿದ್ದಿದ್ದರೆ ಈ ಬಾಗಿಲಿಗೆ ಒಂದು ಹಿಡಿ ಮರಳಾದರೂ ಹಾಕುತ್ತಿದ್ದೆನೇ?

“ಇಂದ್ರೇಶಾ… ಬಾಗಿಲ ಚೀಲ ತೆಗೆಯೋ! ಸಂದಿಗೆ ಒಡ್ಡು!”

“ಏನಮ್ಮಾ ಇದು? ನಮ್ಮನೆಗೆ ನೀರು ನುಗ್ತೈತೆ!”

“ನುಗ್ಗಲಿ ಬಿಡೋ! ಇದು ಕಲ್ಲಿನ ಮನೆ, ನೆಂದ್ರೆ ಒಣಗ್ತೈತೆ. ಅದು ಕುಸಿದ್ರೆ ಈ ಹುಡುಗಿ ಎಲ್ಲಿಗೋಗ್ಬೇಕು?”

“ಬೇಡ ಅತ್ತೆ… ನಿಮ್ಮ ದೇವರ ಮನೆ…” ಧನುಶ್ರೀ ಚೀಲಗಳಿಗೆ ಕೈ ಅಡ್ಡ ಹಿಡಿದಳು.

“ದೇವರನ್ನ ಎತ್ತಿ ಅಟ್ಟದ ಮೇಲಿಡ್ತೀನಿ ಕಣೇ. ಗೋಡೆನ ಎತ್ತಿಡೋಕಾಗ್ತದಾ?”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸುಮಿತ್ರಮ್ಮ ನೀರಿಗೆ ಇಳಿದೇಬಿಟ್ಟರು. ಒಂದೊಂದೇ ಚೀಲವನ್ನು ಅತ್ತೆ ಒಂದು ತುದಿ, ಸೊಸೆ ಇನ್ನೊಂದು ತುದಿ ಹಿಡಿದು ಸಂದಿಯ ಬಾಯಿಗೆ ಸಾಗಿಸಿದರು. ಇಂದ್ರೇಶ್ ತುಳಿದು ತುಳಿದು ಜೋಡಿಸಿದ. ಕೊನೆಯವನ್ನು ದೊಡ್ಡ ಮನೆಯ ಹಿಂಬಾಗಿಲಿಗೆ ಒಡ್ಡಿದ್ದಾಯಿತು, ಒಳಗೆ ಬಂದ ನೀರು ಹಿತ್ತಿಲಿಗೆ ಇಳಿಯದಂತೆ.

ಮಧ್ಯಾಹ್ನದ ಹೊತ್ತಿಗೆ ನಡುಮನೆಯಲ್ಲಿ ಕಣಕಾಲು ಮುಳುಗುವ ಕೆಸರು ನೀರು. ಮಂಚದಡಿ ಇದ್ದ ಹಾಸಿಗೆ, ಟ್ರಂಕಿನಲ್ಲಿದ್ದ ರೇಷ್ಮೆ ಸೀರೆಗಳು ಎಲ್ಲವೂ ಹಾಳಾದವು. ಹಿತ್ತಿಲ ಮನೆಯ ಗೋಡೆಗೆ ತೇವ ತಗುಲಿತು, ಆದರೆ ನಿಂತಿತು. ಸುಮಿತ್ರಮ್ಮ ಹಿಂಬಾಗಿಲ ಚೀಲ ದಾಟಿ ಹಿತ್ತಿಲಿನಲ್ಲಿ ನಿಂತರು. ಕೂರಲು ಒಣ ಜಾಗ ಉಳಿದದ್ದು ಒಂದೇ.

“ಒಳಗೆ… ಬರ್ತೀರಾ ಅತ್ತೆ?”

ಅವರು ತಲೆ ಬಗ್ಗಿಸಿ ಆ ಗಿಡ್ಡ ಬಾಗಿಲು ದಾಟಿದರು. ಧನುಶ್ರೀ ಕಾಫಿ ಮಾಡಿ, ಕೈಗೆ ಕೊಡಲೋ ಕೆಳಗಿಡಲೋ ಎಂದು ತಡವರಿಸಿದಳು. ಸುಮಿತ್ರಮ್ಮನೇ ಕೈ ಚಾಚಿ ಲೋಟ ತೆಗೆದುಕೊಂಡರು. ಸೊಸೆ ಅಡುಗೆಯ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ಕಂಡೂ ಕಾಣದಂತೆ ಕುಡಿದರು.

ಸಂಜೆ, ಬೇಲೂರಿನ ಕಡೆ ಬಸ್ ನಿಂತುಹೋಗಿ ಸಿಕ್ಕಿಬಿದ್ದಿದ್ದ ಶಶಿಕಿರಣ್ ಹೇಗೋ ಊರು ಸೇರಿ, ಮೈಯೆಲ್ಲ ಕೆಸರಾಗಿ ಓಡಿಬಂದ. ತನ್ನ ಮನೆಯೊಳಗೆ ಅಮ್ಮ ಗೋಡೆಗೊರಗಿ ಕುಳಿತಿದ್ದನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟ. “ಅಮ್ಮಾ…” ಎನ್ನುತ್ತ ಕೆಸರುಗಾಲನ್ನು ಒಳಗಿಡಹೋದ.

ಸುಮಿತ್ರಮ್ಮ ಅವನ ಕಾಲಿನತ್ತ ನೋಡಿ ಗದರಿದರು: “ಹಂಗೇ ನುಗ್ಗಬೇಡ ಕಣೋ! ಕಾಲು ತೊಳ್ಕೊಂಡು ಬಾ. ನನ್ನ ಸೊಸೆ ಈಗ ತಾನೇ ನೆಲ ಒರೆಸವ್ಳೆ.”