ವಜ್ರೇಶ ಹಾರಿದ, ಸ್ನೇಹಾನೂ ಹಾರಿದಳು

ಒಂದೂರಿತ್ತು. ಆ ಊರಿಗೆ ರಾಕ್ಷಸರು ಬರುತ್ತಿರಲಿಲ್ಲ, ಹಾರುವ ಕುದುರೆಯೂ ಬರುತ್ತಿರಲಿಲ್ಲ. ಸಂಜೆ ಏಳಕ್ಕೆ ಇನ್‌ಸ್ಪೆಕ್ಟರ್ ವಜ್ರೇಶ ಮಾತ್ರ ತಪ್ಪದೆ ಟೀವಿಯೊಳಗೆ ಬರುತ್ತಿದ್ದ. ಅವನು ಬಂದನೆಂದರೆ ಬನಹಟ್ಟಿ ಎಂಬ ಆ ಊರಿನ ನೇಕಾರರ ಓಣಿಯಲ್ಲಿ ಒಲೆಯ ಮೇಲೆ ಸಾರು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ.

“ಹೊಡೀ ಅವನ್ನ! ಬಿಡಬ್ಯಾಡ!” ಓಣಿಯ ಗಿರಮಲ್ಲಪ್ಪ ಕಾಕಾ ಕುರ್ಚಿಯ ತುದಿಗೆ ಬಂದಿದ್ದ. ಅವತ್ತು ಮಂಗಳವಾರ. ಸ್ನೇಹಾಳ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

“ಆ ಕಾಳ್ಯಾನ ಮೀಸಿ ನೋಡ್ರಿ, ಕಸಬರಗಿ ಇದ್ದಂಗ ಅದಾವು!” ಎಂದು ಪಕ್ಕದ ಮನೆಯ ಶಿವಗಂಗವ್ವ ಟೀವಿಯ ಕಳ್ಳನಿಗೆ ಬೈದಳು.

ಕಳ್ಳ ಕಾಳ್ಯಾ ಒಬ್ಬ ನೇಕಾರನ ಮನೆ ಹೊಕ್ಕ. ವಜ್ರೇಶ ಬೆನ್ನಟ್ಟಿದ. ನಡುವೆ ಮಗ್ಗ. ಅದಕ್ಕೆ ಎಳೆದು ಕಟ್ಟಿದ ಬಿಳಿ ನೂಲು. ವಜ್ರೇಶ ಎಗರಿದ, ನೂಲು ಹರಿದುಕೊಂಡೇ ಆಚೆ ಬಿದ್ದ. ಸ್ಲೋ ಮೋಷನ್ನಿನಲ್ಲಿ ನೂಲೆಲ್ಲ ಮಲ್ಲಿಗೆ ಹೂವಿನಂತೆ ಹಾರಾಡಿತು. ಕಾಕಾ ಸಿಳ್ಳೆ ಹಾಕಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಸ್ನೇಹಾ.

“ಅಯ್ಯ, ಹಾಸು ಹೋತಲ್ಲೋ!” ಎಂದಳು ಅವಳ ಅಜ್ಜಿ ಸಾವಕ್ಕ. “ಯಾರದೋ ಏನೋ ಪಾಪ.”

“ಆಯಿ, ಅದು ಖರೆ ಅಲ್ಲ. ಸೆಟ್ಟಿಂಗ್!” ಸ್ನೇಹಾ ನಕ್ಕಳು. ಎಲ್ಲರೂ ನಕ್ಕರು.

ಮರುದಿನ ಸಾಲಿ ಬಿಟ್ಟ ಮೇಲೆ ಶಿವಗಂಗವ್ವನ ಮಗ ರಾಜಕುಮಾರ ಕೋಲು ಹಿಡಿದು ಬಂದ. ಇಬ್ಬರೂ ಐದನೇ ಕ್ಲಾಸು.

“ನಾ ವಜ್ರೇಶ. ನೀ ಲೇಡಿ ಕಾನ್‌ಸ್ಟೇಬಲ್.”

“ನಿನ್ನೇನೂ ನೀನಽ ವಜ್ರೇಶ ಆಗಿದ್ದಿ. ಇವತ್ತು ನಾ.”

“ಹುಡುಗ್ಯಾರು ಫೈಟಿಂಗ್ ಮಾಡಂಗಿಲ್ಲಬೇ. ‘ಸರ್, ಜೀಪ್ ರೆಡಿ’ ಅಂತ ಅನ್ನು, ಸಾಕು.”

“ಯಾಂವ ಹೇಳಿದ ಮಾಡಂಗಿಲ್ಲಂತ?”

“ಹಂಗಾರ ಜಿಗದು ತೋರಸು.”

ಸ್ನೇಹಾ ಸೀದಾ ಮಗ್ಗದ ಕೋಣೆಗೆ ನಡೆದಳು. ಅಲ್ಲಿ ಆಯಿಯ ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವಂಥದ್ದು. ಮಗ್ಗದಿಂದ ಎದುರಿನ ಗೋಡೆಯವರೆಗೆ ಹಸಿರು ಹಾಸು, ಅಂದರೆ ಸೀರೆಯ ಉದ್ದ ನೂಲು, ಬಿಗಿಯಾಗಿ ನಿಂತಿತ್ತು. ಸೋಮವಾರ ಮಂಗಲಾ ಅತ್ತಿಯ ಕುಬಸ. ಮೊದಲ ಬಸುರಿಗೆ ಉಡಿಸುವ ಹಸಿರು ಸೀರೆ ಅದು. ಇನ್ನೊಂದು ಮೊಳ ನೇಯುವುದಿತ್ತು.

ಸ್ನೇಹಾ ಹಿಂದೆ ಸರಿದಳು. ಓಡಿದಳು. ಹಾರಿದಳು.

ಒಂದು ಕಾಲು ದಾಟಿತು. ಇನ್ನೊಂದು ದಾಟಲಿಲ್ಲ.

ಟಪ್ ಟಪ್ ಟಪ್ ಎಂದು ನೂಲು ಕಡಿಯಿತು, ಅಷ್ಟೇ. ಯಾವ ಹೂವೂ ಹಾರಲಿಲ್ಲ. ಕಡಿದ ನೂಲು ಕೊಯ್ದ ಹುಲ್ಲಿನ ಹಾಗೆ ನೆಲಕ್ಕೆ ಜೋತುಬಿತ್ತು.

ರಾಜಕುಮಾರನ ಮುಖ ಸಣ್ಣದಾಯಿತು. “ಬೆಕ್ಕು ಹರೀತು ಅನ್ನೂಣಲೇ. ಯಾರಿಗೂ ಗೊತ್ತಾಗಂಗಿಲ್ಲ.”

ಅಷ್ಟರಲ್ಲಿ ಸಾವಕ್ಕ ಬಾಗಿಲಲ್ಲಿ ನಿಂತಿದ್ದಳು. ಹಿಂದೆಯೇ ಅಪ್ಪ ಶಂಕರೆಪ್ಪ.

“ಯಾರು?” ಅಪ್ಪ ಕೇಳಿದ.

“ನಾ,” ಎಂದಳು ಸ್ನೇಹಾ. ತಲೆ ತಗ್ಗಿಸಲಿಲ್ಲ. ಕಣ್ಣು ಮಾತ್ರ ತುಂಬಿದ್ದವು. “ನಾನಽ ಹರದೇನಿ. ನಾನಽ ಕೆಚ್ಚತೇನಿ.”

“ಕೆಚ್ಚೂದು ಅಂದ್ರ ಆಟ ಅಂತ ತಿಳದಿಯೇನು? ಅತ್ತಾಗ ಸರಿ, ನಾ ಮಾಡ್ತೇನಿ.”

“ನೀ ಮುಟ್ಟಬ್ಯಾಡ! ಶನಿವಾರದೊಳಗ ಮುಗಸ್ತೇನಿ. ಮಾತಂದ್ರ ಮಾತು.”

ಆಯಿ ಬೈಯಲಿಲ್ಲ. ನೆಲಕ್ಕೆ ಕುಳಿತು ಕಡಿದ ಎಳೆಗಳನ್ನು ಒಂದೊಂದಾಗಿ ಎಣಿಸಿದಳು. ಮುನ್ನೂರಾ ಹನ್ನೆರಡು.

“ಆಗಲಿ ಬಿಡು,” ಎಂದಳು. “ಆದರ ತಪ್ಪಿದ್ರ ಬಿಚ್ಚಸ್ತೇನಿ. ಅಳಬಾರ್ದು.”

“ಯಾರು ಅಳತಾರ?”

ಕೆಚ್ಚುವುದೆಂದರೆ ಕಡಿದ ಎರಡು ತುದಿಗಳ ನಡುವೆ ಒಂದು ತುಂಡು ನೂಲಿಟ್ಟು ಹೊಸೆದು ಸೇರಿಸುವುದು. ಬೆರಳಿಗೆ ಬೂದಿ ಹಚ್ಚಿಕೊಳ್ಳಬೇಕು, ಇಲ್ಲವಾದರೆ ನೂಲು ಜಾರುತ್ತದೆ. ಯಾವ ಎಳೆಗೆ ಯಾವುದೋ ಅದನ್ನೇ ಹುಡುಕಬೇಕು. ಒಂದು ತಪ್ಪಿದರೆ ಅದರ ಮುಂದಿನವೆಲ್ಲ ತಪ್ಪು.

ಬುಧವಾರ ಸಂಜೆ ಸ್ನೇಹಾ ನಲವತ್ತು ಎಳೆ ಕೆಚ್ಚಿದಳು. ಆಯಿ ಮೇಲಿನಿಂದ ಕೈಯಾಡಿಸಿದಳು. “ಮೂರನೇದು ತಪ್ಪೇತಿ,” ಎಂದಳು.

ಮೂವತ್ತೆಂಟು ಎಳೆ ಬಿಚ್ಚಬೇಕಾಯಿತು. ಸ್ನೇಹಾ ಹಲ್ಲು ಕಚ್ಚಿದಳು. ಮೂಗೊರೆಸಿಕೊಂಡಾಗ ಬೂದಿ ಮೀಸೆ ಬಂತು. ಮತ್ತೆ ಮೂರನೆಯದರಿಂದ ಶುರು ಮಾಡಿದಳು.

ಗುರುವಾರ ಬೆರಳ ತುದಿ ಕೆಂಪಾಯಿತು. ಶುಕ್ರವಾರ ಅಪ್ಪ ಬಾಗಿಲಲ್ಲಿ ಇಣುಕಿ, “ಒಂದ ಸ್ವಲ್ಪ ನಾ...” ಎಂದ. ಅವಳು ನೋಡಿದ ರೀತಿಗೆ ಬಂದ ದಾರಿ ಹಿಡಿದ.

ಶನಿವಾರ ಮಹಾಎಪಿಸೋಡ್. ಏಳಕ್ಕೆ ಪಡಸಾಲೆ ಮತ್ತೆ ತುಂಬಿತು. ಗೋಡೆಯಾಚೆ ಢಿಶುಂ ಢಿಶುಂ. ಈಚೆ ಇನ್ನೂ ಅರವತ್ತು ಎಳೆ.

ರಾಜಕುಮಾರ ಧಡಧಡ ಓಡಿ ಬಂದ. “ಬಾರಬೇ! ವಜ್ರೇಶ ಕಿರಾಣಿ ಅಂಗಡಿ ಮ್ಯಾಲೆ ಜೀಪ್ ಹಾರಿಸಿದ! ಅಕ್ಕಿ, ಬ್ಯಾಳಿ, ಎಣ್ಣಿ ಎಲ್ಲಾ ರೋಡಿಗಿ! ಮಸ್ತ್ ಐತಿ!”

“ಅಂಗಡಿಯಾಂವ ಏನಂದ?”

“ಯಾವ ಅಂಗಡಿಯಾಂವ?”

“ಅಂಗಡಿ ಐತಿ ಅಂದಮ್ಯಾಲ ಅಂಗಡಿಯಾಂವ ಇರಬೇಕಲ್ಲ.”

“ಅವನ್ನ ತೋರಸಲಿಲ್ಲಪ.” ರಾಜಕುಮಾರ ತಲೆ ಕೆರೆದುಕೊಂಡ. “ಜೀಪ್ ಹೊಂಟಹೋತು.”

ಸ್ನೇಹಾ ಬೂದಿ ಹಚ್ಚಿದ ಬೆರಳನ್ನೇ ನೋಡಿದಳು. ರಸ್ತೆಯ ಮೇಲೆ ಒಬ್ಬ ಮನುಷ್ಯ ಕುಳಿತು ಮಣ್ಣಿನಿಂದ ಬೇಳೆ ಆರಿಸುತ್ತಿರುವುದು ಅವಳಿಗೆ ಕಂಡಿತು. ಬೇಳೆ ಬೇಳೆಯಾಗಿ. ಟೀವಿ ಅಲ್ಲಿಗೆ ಎಂದೂ ಹೋಗುವುದಿಲ್ಲ.

“ಹೋಗು, ನಿಂದು ತಪ್ಪತೈತಿ,” ಎಂದಳು.

ಅವನು ಹೋಗಲಿಲ್ಲ. ಹೊಸ್ತಿಲಾಚೆ ಒಂದು ಕಾಲು, ಒಳಗೆ ಒಂದು ಕಾಲು ಇಟ್ಟು ನಿಂತ. ಆಮೇಲೆ ಬಂದು ಕುಳಿತು, ನೂಲಿನ ತುಂಡುಗಳನ್ನು ಒಂದೊಂದಾಗಿ ಅವಳ ಕೈಗೆ ಕೊಡತೊಡಗಿದ. “ಕೆಚ್ಚೂದು ನೀನಽ,” ಎಂದ, ಅವಳು ಬೈಯುವ ಮೊದಲೇ.

ಗೋಡೆಯಾಚೆ ಸಿಳ್ಳೆಯೋ ಸಿಳ್ಳೆ. ಕಾಳ್ಯಾ ಸಿಕ್ಕಿಬಿದ್ದನೇನೋ. ಇಬ್ಬರೂ ಏಳಲಿಲ್ಲ.

ಕೊನೆಯ ಎಳೆ ಎರಡು ಸಲ ಜಾರಿತು. ಮೂರನೇ ಸಲ ನಿಂತಿತು.

“ಆಯೀ!”

ಸಾವಕ್ಕ ಬಂದಳು. ಮೊಮ್ಮಗಳ ಜಡೆ ನೇವರಿಸಿದ ಹಾಗೆ ಹಾಸಿನ ಮೇಲೆ ಕೈಯಾಡಿಸಿದಳು. ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತಳು, ಲಾಳಿ ಎಸೆದಳು, ಹಲಗೆಯನ್ನು ತನ್ನತ್ತ ಎಳೆದು ಬಡಿದಳು.

ಸ್ನೇಹಾ ಬಾಗಿ ಕೆಚ್ಚಿದ ಎಳೆಗಳನ್ನೇ ನೋಡಿದಳು.

ಮುನ್ನೂರಾ ಹನ್ನೆರಡರಲ್ಲಿ ಒಂದೂ ಕಡಿಯಲಿಲ್ಲ.