ಮೇಜಿನ ಮೇಲಿನ ಹನ್ನೊಂದು ಬಿಳಿ ಗುಂಡಿ

ಆ ಸಂಜೆ ಟೈಲರ್ ಅಂಗಡಿಯಲ್ಲಿ ಇತ್ಯರ್ಥವಾಗಬೇಕಿದ್ದದ್ದು ಅಂತಿಂಥ ವಿಷಯವಲ್ಲ. ಯುದ್ಧಗಳು ಬರುತ್ತವೆ, ಹೋಗುತ್ತವೆ. ಸರ್ಕಾರಗಳು ಬೀಳುತ್ತವೆ, ಏಳುತ್ತವೆ. ಅವುಗಳ ಚಿಂತೆಗೆ ಬೇರೆ ಜನ ಇದ್ದಾರೆ. ಆದರೆ ಸಾಲುಸಾಲಾಗಿ ಸೋತು ಪಟ್ಟಿಯ ತಳ ಮುಟ್ಟಿದ್ದ ಫುಟ್‌ಬಾಲ್ ತಂಡಕ್ಕೆ ಮುಂದಿನ ಕೋಚ್ ಯಾರಾಗಬೇಕು ಎಂದು ತೀರ್ಮಾನಿಸಲು ಈ ಭೂಮಿಯ ಮೇಲೆ ಮೂರೇ ಜನ ಇದ್ದರು. ಮೂವರೂ ಅಲ್ಲಿ ಸೇರಿದ್ದರು. ತಂಡದ ಆಡಳಿತ ಮಂಡಳಿಗೆ ಮಾತ್ರ ಇದು ತಿಳಿದಿರಲಿಲ್ಲ.

ಒಬ್ಬ ಪಕ್ಕದ ಮಳಿಗೆಯ ಕ್ಷೌರದವನು. ಇನ್ನೊಬ್ಬರು ನಿವೃತ್ತರಾದ ಅಂಚೆ ಅಜ್ಜ. ಮೂರನೆಯವನು ಎದುರು ರಸ್ತೆಯಲ್ಲಿ ಕನ್ನಡಕ ಮಾರುವವನು. ಅವನ ಹೆಸರೂ ‘ಕನ್ನಡಕ’ ಎಂದೇ ಆಗಿಹೋಗಿತ್ತು. ಅಭಿಮಾನಿಗಳ ಬಾವುಟವೆಲ್ಲ ಹೊಲಿಯುವುದು ಇಲ್ಲೇ ಆದ್ದರಿಂದ ಮೊದಲಿಬ್ಬರಿಗೆ ಈ ಬೆಂಚು ತವರುಮನೆಯಿದ್ದಂತೆ. ಕನ್ನಡಕ ಬಂದದ್ದು ಮಾತ್ರ ಅದೇ ಮೊದಲು.

“ಹಳೇ ಗೋಲ್‌ಕೀಪರ್‌ನ ಕರ್ಕೊಂಡ್ ಬರ್ಬೇಕು,” ಎಂದ ಕ್ಷೌರದವನು.

“ಅವನಿಗೆ ಚೆಂಡು ಹಿಡಿಯೋದು ಗೊತ್ತು, ನಾಲಿಗೆ ಹಿಡಿಯೋದು ಗೊತ್ತಿಲ್ಲ,” ಎಂದರು ಅಂಚೆ ಅಜ್ಜ. “ಹೊರದೇಶದವನನ್ನ ತನ್ನಿ. ಬೈದರೂ ನಮ್ಮ ಹುಡುಗರಿಗೆ ಅರ್ಥವಾಗಲ್ಲ. ಮನಸ್ಸಿಗೆ ನೋವಾಗಲ್ಲ.”

“ಯಾರಾದ್ರೂ ಬರ್ಲಿ. ಮೊದ್ಲು ಈಗಿರೋ ಮುದುಕ ತೊಲಗ್ಲಿ!” ಎಂದ ಕನ್ನಡಕ. “ಎಡಗಡೆಯಿಂದ ಒಬ್ಬನೂ ಮುಂದಕ್ಕೆ ಹೋಗಲ್ಲ. ಅಲ್ಲಿ ಖಾಲಿ ಬಿದ್ದಿರೋ ಜಾಗದಲ್ಲಿ ತರಕಾರಿ ಬೆಳೀಬಹುದು. ಅವನಿಗೆ ಅದು ಕಾಣ್ಸೋದೇ ಇಲ್ಲ! ನಮ್ಮಂಗಡಿಗೆ ಬಂದ್ರೆ ಪುಕ್ಕಟೆ ಕಣ್ಣು ನೋಡ್ತೀನಿ.”

ಎಲ್ಲರೂ ನಕ್ಕರು. ಹೊಲಿಗೆ ಯಂತ್ರ ಮಾತ್ರ ತಟ್ಟನೆ ನಿಂತಿತು.

ಕನ್ನಡಕ ತಿರುಗಿ ನೋಡಿದ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಅಂಗಡಿಯ ಟೈಲರ್ ಅವನನ್ನೇ ನೋಡುತ್ತಿದ್ದಳು. ದಿನವಿಡೀ ಜನರ ಕಣ್ಣು ನೋಡುವುದೇ ಅವನ ಕಸುಬು. ಆದರೂ ಆ ಕಣ್ಣಲ್ಲಿದ್ದದ್ದು ಕೋಪವೋ ನೀರೋ ಅವನಿಗೆ ತಿಳಿಯಲಿಲ್ಲ...

‘ಮುದುಕನಂತೆ! ನಮ್ಮಪ್ಪನಿಗೆ ಕೂದಲಿನ್ನೂ ಪೂರ್ತಿ ನೆರೆತಿಲ್ಲ!’

ಹೌದು. ಆ ಕೋಚ್ ಅವಳ ಅಪ್ಪ.

ಅಪ್ಪನ ಕೆಲಸ ಹೋದಾಗಲೆಲ್ಲ ಊರು ಬದಲಾಗುತ್ತಿತ್ತು. ಒಂದೂರಿನಲ್ಲಿ ತಂಡ ಸೋತ ದಿನ ಅಡುಗೆಮನೆಯ ಕಿಟಕಿಗೆ ಕಲ್ಲು ಬಂತು. ಅಮ್ಮ ಗಾಜಿನ ಚೂರು ಗುಡಿಸಿ, ಮರುದಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಆಮೇಲೆ ಗಂಟುಮೂಟೆ ಕಟ್ಟುವ ಕೆಲಸ ಮಗಳ ಪಾಲಿಗೆ ಬಂತು. ಬೆಳೆದ ಮೇಲೆ ಅವಳು ಈ ಊರಿಗೆ ಬಂದು, ಅಂಗಡಿ ಹಾಕಿ, ಇನ್ನು ಗಂಟು ಕಟ್ಟುವುದಿಲ್ಲ ಎಂದುಕೊಂಡಿದ್ದಳು. ಹೋದ ವರ್ಷ ಇಲ್ಲಿನ ತಂಡವೇ ಅಪ್ಪನನ್ನು ಕರೆಸಿಕೊಂಡಿತು.

“ನೀನು ನನ್ನ ಮಗಳು ಅಂತ ಯಾರಿಗೂ ಹೇಳ್ಬೇಡ, ಪುಟ್ಟಿ,” ಎಂದಿದ್ದ ಅಪ್ಪ. “ಗೆದ್ದಾಗ ಹೇಳೋಣ.”

ಹೇಳುವ ಸಂದರ್ಭ ಒದಗಿ ಬಂದಿರಲಿಲ್ಲ.

“ಟೈಲರಕ್ಕ, ಭಾನುವಾರದ ಪಂದ್ಯಕ್ಕೆ ಒಂದು ಬ್ಯಾನರ್ ಆಗ್ಬೇಕು,” ಎಂದ ಕ್ಷೌರದವನು. “ಕಪ್ಪು ಬಟ್ಟೆ, ಬಿಳಿ ಅಕ್ಷರ. ‘ಸಾಕು, ಮನೆಗೆ ಹೋಗು!’”

“ಹೋಗಿ!” ಎಂದು ತಿದ್ದಿದರು ಅಂಚೆ ಅಜ್ಜ. “ಬೈದರೂ ಬಹುವಚನದಲ್ಲಿ ಬೈಬೇಕು. ‘ಗುರುಗಳೇ’ ಅಂತನೂ ಸೇರಿಸಮ್ಮ. ಅವರಿಗೂ ಹೆಂಡತಿ ಮಕ್ಕಳು ಇರ್ತಾರೆ.”

ಅವಳು ಬಾಯಿಂದ ಗುಂಡುಸೂಜಿ ತೆಗೆದಳು. “ಶನಿವಾರ ಸಂಜೆ ಕೊಡ್ತೀನಿ,” ಎಂದಷ್ಟೇ ಹೇಳಿದಳು.

ಉಳಿದಿಬ್ಬರೂ ಹೊರಟರು. ಕನ್ನಡಕ ಮಾತ್ರ ಬಟ್ಟೆ ಕತ್ತರಿಸುವ ಮೇಜಿನ ಬಳಿ ನಿಂತೇ ಇದ್ದ. ಮೇಜಿನ ಮೇಲೆ ಹನ್ನೊಂದು ಬಿಳಿ ಗುಂಡಿ, ಹನ್ನೊಂದು ಕಪ್ಪು ಗುಂಡಿ, ಎದುರುಬದುರಾಗಿ.

“ಇದು... ಇದು ಆಟಗಾರರ ಸಾಲಲ್ವಾ! ನೀವು ಇಟ್ಟಿದ್ದಾ?”

ಅಪ್ಪ ಸಂಜೆ ಕತ್ತಲಾದ ಮೇಲೆ ಟೋಪಿ ಎಳೆದುಕೊಂಡು ಹಿಂದಿನ ಓಣಿಯಿಂದ ಬಂದು, ಮಗಳ ಗುಂಡಿ ಡಬ್ಬಿ ಸುರಿದುಕೊಂಡು ಕೂರುತ್ತಾನೆ ಎಂದು ಹೇಳುವುದು ಹೇಗೆ?

“ಹೂಂ,” ಎಂದಳು.

ಅವನು ಅವಳನ್ನು ಹೊಸದಾಗಿ ನೋಡಿದ. ಬಿಳಿ ಗುಂಡಿಗಳ ಹಿಂದಿನ ಸಾಲಿನ ಎಡತುದಿಯದನ್ನು ಬೆರಳಿನಿಂದ ಒತ್ತಿ ಮುಂದಕ್ಕೆ ಜಾರಿಸಿದ. “ಇವನನ್ನ ಹೀಗೆ ಓಡಿಸಿದ್ರೆ?” ಎಂದು ಹೇಳಿ ಹೋದ.

ಅಂದು ಕತ್ತಲಾದ ಮೇಲೆ ಅಪ್ಪ ಮೇಜಿನ ಮುಂದೆ ಬಹಳ ಹೊತ್ತು ನಿಂತ. “ಯಾರು ಮುಟ್ಟಿದ್ದು ಇದನ್ನ?”

“ಗಿರಾಕಿ.”

“ಗಿರಾಕಿ ಪರವಾಗಿಲ್ವಲ್ಲ!” ಎಂದ ಅಪ್ಪ. ಎಷ್ಟೋ ವಾರಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಒಂದು ಕಪ್ಪು ಗುಂಡಿ ಸರಿಸಿ ಉತ್ತರ ಇಟ್ಟ.

ಮರುದಿನ ಕನ್ನಡಕ ಬಂದ. ಅದರ ಮರುದಿನವೂ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನೇ ಮೇಜಿಗೆ ನಡೆಯುವನು. “ಅಬ್ಬಾ, ಏನ್ ತಲೆ ರೀ ನಿಮ್ದು!” ಎನ್ನುವನು. ಒಂದು ಗುಂಡಿ ಸರಿಸುವನು. ಸಂಜೆ ಅಪ್ಪ ಬಂದು, ಊಟಕ್ಕೂ ಮೊದಲು, “ಗಿರಾಕಿ ಏನಂದ?” ಎನ್ನುವನು. ಲೋಕದಲ್ಲಿ ಹೆಣ್ಣಿಗಾಗಿ ಹೊಟ್ಟೆಕಿಚ್ಚು ಪಟ್ಟವರುಂಟು. ತಾನು ಮನಸಾರೆ ಮೆಚ್ಚಿದವನು ತನ್ನ ಅಪ್ಪನ ಜೊತೆ ಇಷ್ಟು ಚೆನ್ನಾಗಿ ಮಾತಾಡುತ್ತಾನಲ್ಲ ಎಂದು ಹೊಟ್ಟೆ ಉರಿದುಕೊಂಡವಳು ಬಹುಶಃ ಇವಳೊಬ್ಬಳೇ.

ಹೌದು, ಮೆಚ್ಚಿದ್ದಳು. ಯಾವಾಗ ಎಂದು ಕೇಳಿದರೆ, ಗುರುವಾರ. ಅಂದು ಅವನು ಜೇಬಿನಿಂದ ಒಂದು ಕನ್ನಡಕದ ಡಬ್ಬಿ ತೆಗೆದು ಯಂತ್ರದ ಪಕ್ಕ ಇಟ್ಟಿದ್ದ.

“ಸೂಜಿಗೆ ದಾರ ಹಾಕುವಾಗ ನೀವು ತಲೆ ಓರೆ ಮಾಡ್ತೀರಿ. ಬಲಗಣ್ಣು ಸ್ವಲ್ಪ ಸೋತಿದೆ. ಅಂದಾಜಿಗೆ ಮಾಡಿದ್ದು... ಹಾಕ್ಕೊಂಡ್ ನೋಡಿ.”

“ನಂಗೇನೂ ಬೇಡ,” ಎಂದಳು ಮುಖ ಎತ್ತದೆ. ಡಬ್ಬಿಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಇವನ ಗುಂಪಿನದೇ ಬ್ಯಾನರಿಗೆ ಅವಳು ಅಂದು ಅಕ್ಷರ ಕತ್ತರಿಸುತ್ತಿದ್ದಳು. ಹೊಲಿಯಲ್ಲ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ ಉತ್ತರ ಕೊಡಬೇಕಾಗುತ್ತಿತ್ತು. ಅದಕ್ಕಿಂತ ಹೊಲಿಯುವುದೇ ಸುಲಭ.

ಶುಕ್ರವಾರ ಅಪ್ಪ ಬೇಗ ಬಂದುಬಿಟ್ಟ. ಬಟ್ಟೆ ಮುಚ್ಚಿಡಲು ಅವಳಿಗೆ ಸಮಯ ಸಿಗಲಿಲ್ಲ. ಯಂತ್ರದಿಂದ ನೆಲದವರೆಗೆ ಇಳಿಬಿದ್ದಿದ್ದ ಕಪ್ಪು ಬಟ್ಟೆಯನ್ನು ಅಪ್ಪ ನಿಧಾನವಾಗಿ ಓದಿದ.

“‘ಗುರುಗಳೇ, ಸಾಕು. ಮನೆಗೆ ಹೋಗಿ’...” ಎಂದ. “ಯಾವ ಮನೆಗೆ ಅಂತನೂ ಬರ್ದಿದ್ರೆ ಅನುಕೂಲ ಆಗ್ತಿತ್ತು.”

“ಅಪ್ಪಾ...!”

“ಅಳ್ಬೇಡ. ಈ ಮೂಲೆ ಬಿಡ್ತಿದೆ ನೋಡು, ಎರಡು ಸಲ ಹೊಲಿ. ಸ್ಟೇಡಿಯಂನಲ್ಲಿ ಗಾಳಿ ಜಾಸ್ತಿ.”

ಅವಳು ಎರಡು ಸಲ ಹೊಲಿದಳು.

ಶನಿವಾರ ಮೂವರೂ ಬಂದರು. ಚರ್ಚೆ ಇನ್ನೂ ಬಗೆಹರಿದಿರಲಿಲ್ಲ.

“ನನ್ನ ಓಟು ಟೈಲರ್ ಮೇಡಂಗೆ,” ಎಂದ ಕನ್ನಡಕ ಗಂಭೀರವಾಗಿ.

“ಆಗ್ಲಿ ಬಿಡು, ತಂಡದ ಮಾನ ಅಂತೂ ಹರಿದುಹೋಗಿದೆ,” ಎಂದರು ಅಂಚೆ ಅಜ್ಜ. “ಹೊಲಿಯೋಕೆ ಒಬ್ಬರು ಬೇಕೇ ಬೇಕು.”

ಬ್ಯಾನರ್ ಮಡಚಿಕೊಂಡು ಅವರು ಮುಂದೆ ನಡೆದರು. ಕನ್ನಡಕ ಹಿಂದೆ ಉಳಿದ.

“ಒಂದು ಮಾತು... ತಪ್ಪು ತಿಳ್ಕೋಬೇಡಿ. ನನಗೆ ಮಾತು ಬರಲ್ಲ, ಬೈಯೋದಷ್ಟೇ ಬರುತ್ತೆ. ಆ ಗುಂಡಿ ಇಡೋ ಕೈ ಇದ್ಯಲ್ಲ... ಆ ಕೈ ಹಿಡ್ಕೊಂಡು ಬಾಳಬೇಕು ಅನ್ಸುತ್ತೆ.”

ಅವಳು ಕತ್ತರಿ ಕೆಳಗಿಟ್ಟಳು.

‘ಆ ಕೈ ನನ್ನದಲ್ಲ!’ ಎನ್ನಬೇಕಿತ್ತು. ಹೇಳಿದರೆ ಅಪ್ಪ ಬಯಲಾಗುತ್ತಾನೆ; ಮತ್ತೆ ಕಿಟಕಿ, ಮತ್ತೆ ಕಲ್ಲು... ಸುಮ್ಮನಿದ್ದರೆ, ತನ್ನದಲ್ಲದ ಪ್ರೀತಿಯನ್ನು ಕದ್ದು ಇಟ್ಟುಕೊಂಡ ಹಾಗೆ.

“ನಾಳೆ ಪಂದ್ಯ ಮುಗೀಲಿ,” ಎಂದಳು.

ಪಂದ್ಯಕ್ಕೆ ಅವಳು ಎಂದೂ ಹೋಗುತ್ತಿರಲಿಲ್ಲ. ಕ್ಷೌರದಂಗಡಿಯ ಟಿವಿ ಗೋಡೆಯಾಚೆಯಿಂದ ಕೇಳಿಸುತ್ತಿತ್ತು, ಅಷ್ಟೇ ಸಾಕು. ಮೊದಲರ್ಧದಲ್ಲಿ ಗೋಡೆ ಅದುರುವ ಕೂಗು ಎದ್ದಿತು. ಗೋಲ್! ಎಡಗಡೆಯಿಂದ ಹಿಂದಿನ ಸಾಲಿನ ಆಟಗಾರ ಬಿರುಸಾಗಿ ಮುಂದೆ ನುಗ್ಗಿದ್ದನಂತೆ. ಯಾರೂ ನಿರೀಕ್ಷಿಸಿರಲಿಲ್ಲವಂತೆ! ಅವಳು ಮೇಜಿನ ಮೇಲಿನ ಗುಂಡಿಯನ್ನು ನೋಡಿದಳು. ಕಣ್ಣು ತುಂಬಿತು.

ಎರಡನೆಯ ಅರ್ಧದಲ್ಲಿ ಗೋಡೆ ಸುಮ್ಮನಾಯಿತು. ಎದುರಾಳಿಗಳು ಆ ಎಡಗಡೆಯ ಖಾಲಿ ಜಾಗದಿಂದಲೇ ಒಳನುಗ್ಗಿ ಒಂದು ಹೊಡೆದರು. ಅಲ್ಲಿಂದಲೇ ಇನ್ನೊಂದು. ತಂಡ ಸೋತಿತು. ಕಪ್ಪು ಬ್ಯಾನರನ್ನು ಟಿವಿಯವರು ಹತ್ತಿರದಿಂದ ತೋರಿಸಿದರಂತೆ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕನ್ನಡಕ ಬಂದ. ಚಪ್ಪಲಿ ಬಿಡಲಿಲ್ಲ.

“ಅದು ನನ್ನ ನಡೆ! ಈ ಮೇಜಿನ ಮೇಲೆ ನಾನಿಟ್ಟದ್ದು! ಆ ಕೋಚ್ ಕೈಗೆ ಹೇಗೆ ಹೋಯ್ತು? ಹೇಳ್ರೀ, ಯಾರಿಗೆ ಹೇಳ್ತಿದ್ರಿ ನೀವು? ಇಷ್ಟು ದಿನ ನನ್ನ ಆಟ ಆಡಿಸಿದ್ರಾ?”

ಅವಳು ಉತ್ತರ ಹುಡುಕುವಷ್ಟರಲ್ಲಿ ಹಿಂಬಾಗಿಲ ಪರದೆ ಸರಿಯಿತು. ಎರಡು ಲೋಟ ಚಹಾ ಹಿಡಿದು ಕೋಚ್ ನಿಂತಿದ್ದ. ಕಾಲಲ್ಲಿ ಮನೆಯ ಚಪ್ಪಲಿ.

“ಎಡಗಡೆ ಗುಂಡಿಯವರು ನೀವೇನಾ?” ಎಂದ ಅಪ್ಪ. “ಕೂತ್ಕೊಳ್ಳಿ. ಪುಟ್ಟಿ, ಇನ್ನೊಂದು ಲೋಟ ತಾ.”

ಕನ್ನಡಕ ಕೂರಲಿಲ್ಲ.

“ನಡೆ ಸರಿಯಾಗೇ ಇತ್ತು,” ಎಂದ ಅಪ್ಪ, ಮೇಜಿನ ಮೇಲೆ ಬೆರಳಿಟ್ಟು. “ಅವನು ಮುಂದೆ ಹೋದಾಗ ಇಲ್ಲಿ ತುಂಬೋಕೆ ಒಬ್ಬ ಓಡ್ಬೇಕು. ನಮ್ಮ ಹುಡುಗನಿಗೆ ಮಂಡಿ ನೋವು. ಗುಂಡಿಗೆ ಮಂಡಿ ಇರಲ್ಲ, ನೋಡಿ... ಅದು ನಿಮ್ಮ ತಪ್ಪಲ್ಲ. ಆಗ್ಲೇ ಫೋನ್ ಬಂತು. ನನ್ನ ಕೆಲಸ ಮುಗೀತು.”

“ಇವರು... ನಿಮ್ಮ...”

“ಅಪ್ಪ,” ಎಂದಳು ಅವಳು. ವರ್ಷದಲ್ಲಿ ಮೊದಲ ಸಲ ಬೇರೆಯವರ ಮುಂದೆ ಆ ಮಾತು ಆಡಿದ್ದು. “ನೀವು ಹಿಡೀಬೇಕು ಅಂದ ಕೈ ಇದು. ಈ ಮುದುಕನದು! ನನಗೆ ಚೆಂಡು ಯಾವ ಕಡೆ ಹೋಗಬೇಕು ಅಂತಲೂ ಗೊತ್ತಿಲ್ಲ. ನನಗೆ ಗೊತ್ತಿರೋದು ನೀವು ಹೇಳಿದ ಬೈಗುಳನ ಗಟ್ಟಿಯಾಗಿ ಹೊಲಿಯೋದು. ಹೊಲಿದುಕೊಟ್ಟೆ. ಹೋಗಿ ಈಗ!”

ಅವನು ಹೋದ. ಲೋಟದಲ್ಲಿ ಚಹಾ ಕೆನೆಗಟ್ಟಿತು.

ಆ ವಾರ ಅವಳು ಹೊಸ ಬಟ್ಟೆ ಒಪ್ಪಿಕೊಳ್ಳಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಟ್ಟು ಹೊದಿಕೆ ಹಾಕಿದಳು. ಅಪ್ಪನಿಗೆ ದೂರದ ಒಂದೂರಿನ ಸಣ್ಣ ತಂಡದಲ್ಲಿ ಕೆಲಸ ಸಿಕ್ಕಿತ್ತು. ಅವನಿಗೆ ಇರುವುದು ತಾನೊಬ್ಬಳೇ. ಗಂಟು ಕಟ್ಟುವ ಕೈ ಕಟ್ಟಲೇಬೇಕಲ್ಲ... ಮತ್ತೆ ಮತ್ತೆ ಬಾಗಿಲ ಕಡೆ ಮಾತ್ರ ನೋಡುವಳು. ಬರುವವನು ಬರಲಿಲ್ಲ.

ಶುಕ್ರವಾರ ಸಂಜೆ ಬಂದ. ಬಗಲಲ್ಲಿ ಕಪ್ಪು ಬಟ್ಟೆಯ ಸುರುಳಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟ.

“ಅಕ್ಷರ ಬಿಚ್ಚಬೇಕಿತ್ತು,” ಎಂದ. “ನಾನೇ ಬಿಚ್ಚೋಕೆ ಹೋದೆ. ಬರಲಿಲ್ಲ. ತುಂಬ ಗಟ್ಟಿ ಹೊಲಿದಿದ್ದೀರಿ.”

“ಅಂಗಡಿ ಮುಚ್ತಿದ್ದೀನಿ.”

“ಗೊತ್ತು. ಈ ಮಳಿಗೆ ಓನರ್ ಹೇಳಿದ್ರು.” ಅವನು ಸುರುಳಿಯನ್ನು ಮೇಜಿನ ಮೇಲೆ ಹರಡಿದ. “ಇಷ್ಟು ದಿನ ಯಾವ ಮುಖ ಹೊತ್ಕೊಂಡ್ ಬರ್ಲಿ ಅಂತ ಯೋಚ್ನೆ ಮಾಡ್ದೆ. ಬೇರೆ ಮುಖ ಸಿಗ್ಲಿಲ್ಲ. ನೀವು ಹೇಳಿದ್ದು ಸರಿ, ಗುಂಡಿ ಇಟ್ಟ ಕೈ ನಿಮ್ಮಪ್ಪಂದು.”

“ಮತ್ತೆ?”

“ದಾರ ಹಾಕುವಾಗ ತಲೆ ಓರೆ ಮಾಡೋದು ಯಾರು? ಅದೂ ನಿಮ್ಮಪ್ಪನಾ?”

ಅವಳು ಯಂತ್ರದ ಡ್ರಾಯರ್ ಎಳೆದು, ಹೊಲಿಗೆ ಬಿಚ್ಚುವ ಮೊನೆ ತೆಗೆದಳು. ಇನ್ನೊಂದನ್ನು ಅವನ ಮುಂದೆ ಇಟ್ಟಳು. ಇಬ್ಬರೂ ಮೇಜಿನ ಎರಡು ತುದಿಯಲ್ಲಿ ಕೂತು ಬಿಚ್ಚತೊಡಗಿದರು. ಅವನು ‘ಗುರುಗಳೇ’ ಕಡೆಯಿಂದ, ಅವಳು ‘ಹೋಗಿ’ ಕಡೆಯಿಂದ.

ಪರದೆಯ ಹಿಂದಿನಿಂದ ಅಪ್ಪ ಬಂದ. ಇಬ್ಬರನ್ನೂ ನೋಡಿದ. ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿದ.

“ಒಳ್ಳೇ ಬಟ್ಟೆ. ನನ್ನ ಹಾಸಿಗೆ ಸುತ್ತೋಕೆ ಆಗುತ್ತೆ,” ಎಂದ. “ಈ ಸಲ ನೀನು ಗಂಟು ಕಟ್ಬೇಡ, ಪುಟ್ಟಿ. ನನ್ನನ್ನ ಎಲ್ಲಾ ಊರಿನವರೂ ಮನೆಗೆ ಹೋಗು ಅಂತಾರೆ. ಹೋಗೋಕೆ ಒಂದು ಮನೆ ಇರ್ಲಿ.”

ಅವಳು ಬಟ್ಟೆಗೆ ಮುಖ ಒತ್ತಿ ಅತ್ತಳು. ಅಪ್ಪ ಅವಳ ತಲೆ ಮುಟ್ಟಿ ಒಳಗೆ ಹೋದ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ. ಬಸ್ಸಿನ ಹಿಂದಿನ ಗಾಜಿನಲ್ಲಿ ಕಪ್ಪು ಸುರುಳಿ ಕಾಣುತ್ತಿತ್ತು; ಅಕ್ಷರ ಹೋಗಿದ್ದರೂ ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು. ಗುಂಡಿಗಳನ್ನೂ ಅಪ್ಪ ಒಯ್ದಿದ್ದ. ಎಡತುದಿಯ ಬಿಳಿಯದನ್ನು ಮಾತ್ರ ಮೇಜಿನ ಮೇಲೆ ಬಿಟ್ಟಿದ್ದ.

ಅಂಗಡಿಗೆ ಮರಳಿ ಅವಳು ಯಂತ್ರದ ಹೊದಿಕೆ ತೆಗೆದಳು. ಹಿಂದೆಯೇ ಬಂದವನು ಬಾಗಿಲಲ್ಲೇ ನಿಂತ. ಅವಳು ಡಬ್ಬಿಯಿಂದ ಕನ್ನಡಕ ತೆಗೆದು ಹಾಕಿಕೊಂಡಳು.

“ಕಾಣ್ತಿದೆಯಾ?” ಎಂದ ಅವನು, ಉಸಿರು ಬಿಗಿಹಿಡಿದು.

“ಹೂಂ... ಕ್ಷೌರದಣ್ಣ ನಿಮ್ಮ ಎಡಗೆನ್ನೆ ಹಾಗೇ ಬಿಟ್ಟಿದ್ದಾನೆ.”

“ಅಲ್ಲಿ ತರಕಾರಿ ಬೆಳೀಬಹುದು.”

ಅವಳು ನಕ್ಕಳು. ಕನ್ನಡಕದ ಒಳಗೆ ಕಣ್ಣೀರು ನಿಂತಿತು. ಅವನು ಅದನ್ನು ಮೆಲ್ಲಗೆ ತೆಗೆದು, ಅಂಗಿಯ ತುದಿಯಿಂದ ಗಾಜು ಒರೆಸಿ, ಮತ್ತೆ ಅವಳ ಕಿವಿಗೆ ಸಿಕ್ಕಿಸಿದ.

“ಕೈ ಕೊಡಿ,” ಎಂದ. “ಈ ಸಲ ಸರಿಯಾದ್ದು.”

ಕೊಟ್ಟಳು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಗಡುಸಾಗಿತ್ತು.

ಹಳೇ ಗೋಲ್‌ಕೀಪರ್ ಕೋಚ್ ಆಗಿ ಬಂದ. ಆ ಭಾನುವಾರ ತಂಡ ಮೂರು–ಸೊನ್ನೆಯಿಂದ ಸೋತಿತು.