ಒಂದೂ ಒಡೆಯದ ಇಪ್ಪತ್ನಾಲ್ಕು ಮೊಟ್ಟೆ

"ಹನ್ನೆರಡರಲ್ಲಿ ಎಷ್ಟು, ಟೀಚರ್?"

"ಒಂದೂ ಇಲ್ಲಮ್ಮ."

ಕೈಯಲ್ಲಿದ್ದ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅದು ಮಾವನ ಫೋನು.

"ಏಳನೇ ದಿನ ದೀಪದ ಮುಂದೆ ಹಿಡಿದು ನೋಡಿದೆ," ಟೀಚರ್ ಹೇಳುತ್ತಿದ್ದರು. "ಒಂದು ಕೆಂಪು ನರ ಕೂಡ ಮೂಡಿಲ್ಲ. ಹೋದ ಸಲದ ಹಾಗೇ."

"ಬಿರುಕು ಬಿಟ್ಟಿದ್ದವಾ?"

"ಕೂದಲೆಳೆಯಷ್ಟೂ ಇಲ್ಲ. ಆದರೆ ಬಂದ ದಿನವೇ ನೋಡಿದ್ದೆ, ಅಗಲ ತುದಿಯಲ್ಲಿರೋ ಗಾಳಿಗುಳ್ಳೆ ಅಲ್ಲೇ ನಿಲ್ಲದೆ ಓಲಾಡ್ತಿತ್ತು. ಒಂದು ದಿನ ಸುಮ್ಮನೆ ಇಟ್ಟರೆ ಕೂತುಕೊಳ್ಳುತ್ತೆ ಅಂದುಕೊಂಡೆ. ಕೂರಲಿಲ್ಲ. ಯಾರೋ ಚೆನ್ನಾಗಿ ಕುಲುಕಿದ್ದಾರೆ ಕಣಮ್ಮ."

ಟೀಚರ್ ಶಾಲೆಯಿಂದ ನಿವೃತ್ತರಾದ ಮೇಲೆ ಮರಿ ಮಾಡಿಸುವ ಯಂತ್ರ ಇಟ್ಟುಕೊಂಡವರು. ಅವರ ಊರಿಗೂ ನಮಗೂ ವ್ಯಾನಿನಲ್ಲಿ ನಾಲ್ಕು ಗಂಟೆಯ ದಾರಿ. ನನ್ನ ಈಗಿನ ಬೂದು ಬಣ್ಣದ ಹೇಂಟೆಗಳು ಮೊಟ್ಟೆ ಇಡುತ್ತವೆ, ಎದ್ದು ಹೋಗುತ್ತವೆ. ಕಾವಿಗೆ ಕೂರು ಅಂದರೆ ನನ್ನ ಮುಖ ನೋಡುತ್ತವೆ. ಹಾಗಾಗಿ ಈ ವರ್ಷದಿಂದ ಯಂತ್ರವೇ ಗತಿ.

ಮೊದಲ ಡಬ್ಬ ಹಾಳಾದಾಗ ನುಂಗಿಕೊಂಡೆ. ಈಗ ನುಂಗಲು ಆಗುತ್ತಿರಲಿಲ್ಲ. ನನ್ನ ಒಂದೇ ಒಂದು ಹುಂಜ ಸತ್ತು ಒಂಬತ್ತು ದಿನವಾಗಿತ್ತು. ಹುಂಜ ಹೋದ ಮೇಲೂ ಹೇಂಟೆಗಳು ಹತ್ತು ಹನ್ನೆರಡು ದಿನ ಮರಿಯಾಗುವ ಮೊಟ್ಟೆ ಇಡುತ್ತವೆ. ಆಮೇಲೆ ಇಡುವುದೆಲ್ಲ ಬಾಣಲೆಗೆ. ಉಗ್ರಾಣದ ತಂಪಿನಲ್ಲಿ ಹನ್ನೆರಡು ಮೊಟ್ಟೆ ಉಳಿದಿದ್ದವು. ಹನ್ನೊಂದು ವರ್ಷ ಜೋಪಾನ ಮಾಡಿದ ತಳಿಯಲ್ಲಿ ಉಳಿದದ್ದು ಅಷ್ಟೇ. ನಾಳೆ ಬೆಳಿಗ್ಗೆಯ ವ್ಯಾನಿಗೆ ಅವು ಹೋಗಬೇಕು.

ಚಿಕ್ಕಮ್ಮನನ್ನು ಕರೆಸಿದೆ.

ನನ್ನ ಚಿಕ್ಕಮ್ಮ ಪಾರ್ಸೆಲ್ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದೂರು ವಿಚಾರಿಸುವ ಮೇಜಿನಲ್ಲಿ ಕೂತವಳು. ಒಡೆದ ಕನ್ನಡಿ, ಸೋರಿದ ಎಣ್ಣೆ ಡಬ್ಬ, ಬೊಂಬೆಯ ಬದಲು ಇಟ್ಟಿಗೆ ತುಂಬಿ ಬಂದ ಪೆಟ್ಟಿಗೆ — ಯಾರ ಕೈಯಲ್ಲಿ ಏನಾಯಿತು ಎಂದು ಅವಳು ಕುರ್ಚಿಯಿಂದ ಏಳದೆ ಹೇಳುತ್ತಿದ್ದಳಂತೆ. ಈಗ ಮಂಡಿನೋವಿನಿಂದ ನಿಜಕ್ಕೂ ಏಳುವುದಿಲ್ಲ. ಬಂದವಳೇ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡಳು.

"ಒಡೆದದ್ದಕ್ಕೆ ಜವಾಬು ಕೇಳಿ ಅಭ್ಯಾಸ," ಅಂದಳು. "ಒಡೆಯದೇ ಇರೋದಕ್ಕೆ ಇದೇ ಮೊದಲು. ನಿನಗೆ ಯಾರ ಮೇಲೆ ಅನುಮಾನ?"

"ಯಾರ ಮೇಲೆ ಏನು? ಆ ಡ್ರೈವರ್. ಇನ್ಯಾರು ಕುಲುಕ್ತಾರೆ?"

"ಮೊಟ್ಟೆಯಲ್ಲೇ ಜೀವ ಇಲ್ಲದಿದ್ದರೆ?"

ಸೊಟ್ಟಗಿರುವ ಮೊಟ್ಟೆ ಮರಿಗೆ ಆಗುವುದಿಲ್ಲ. ಅಂಥದ್ದೊಂದು ಹದಿಮೂರನೆಯದು ಇತ್ತು. ಅದನ್ನು ಅವಳೆದುರು ತಟ್ಟೆಗೆ ಒಡೆದೆ. ಹಳದಿಯ ಮೇಲೆ ಬಿಳಿ ಚುಕ್ಕೆ, ಚುಕ್ಕೆಯ ಸುತ್ತ ಉಂಗುರ.

"ಈ ಉಂಗುರ ಇದ್ದರೆ ಹುಂಜ ತನ್ನ ಕೆಲಸ ಮಾಡಿದೆ ಅಂತ," ಅಂದೆ. "ಪಾಪದ್ದು, ಅದರ ತಪ್ಪಿಲ್ಲ."

"ಸರಿ. ಕಟ್ಟೋದು ಯಾರು?"

"ಮಾವ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ಯಾಕಿಂಗ್ ಮಾಡಿದವರು. ಅವರ ಕಟ್ಟಿನ ವಿಷಯಕ್ಕೆ ಹೋಗಬೇಡ. ಕಾರ್ಖಾನೆ ಮುಚ್ಚಿದ ಮೇಲೆ ಕೈಕಟ್ಟಿ ಕೂತಿದ್ದವರು, ಈ ಡಬ್ಬದಿಂದಲೇ ಸ್ವಲ್ಪ ಮನುಷ್ಯರಾಗಿದ್ದಾರೆ."

ಚಿಕ್ಕಮ್ಮ ಟೀಚರ್ ವಾಪಸು ಕಳಿಸಿದ್ದ ಎರಡು ಖಾಲಿ ಡಬ್ಬ ತರಿಸಿಕೊಂಡಳು. ಡಬ್ಬದೊಳಗೆ ಡಬ್ಬ, ನಡುವೆ ಮರದ ಹೊಟ್ಟು, ಒಳಗೆ ಹನ್ನೆರಡು ಗೂಡು. ಚೂಪು ತುದಿ ಕೆಳಗೆ ಮಾಡಿ ಕೂರಿಸುವ ಹಾಗೆ ಮಾವ ರಟ್ಟನ್ನು ಅಳೆದು ಕತ್ತರಿಸಿದ್ದರು. ಹೊರಗೆ ನಾಲ್ಕೂ ಬದಿಗೆ ನಾನು ಕುಂಚದಲ್ಲಿ, ಮುದ್ರೆ ಒತ್ತುವ ನೀಲಿ ಶಾಯಿಯಲ್ಲಿ ಬರೆದಿದ್ದೆ: ಅಲ್ಲಾಡಿಸಬೇಡಿ.

"ಈ ಬದಿ ಅಕ್ಷರ ಕದಡಿದೆ," ಅಂದಳು.

"ಶಾಯಿ ಒಣಗೋಕೆ ತಡ ಆಗುತ್ತೆ ಚಿಕ್ಕಮ್ಮ. ಯಾರೋ ಮುಟ್ಟಿರಬೇಕು."

"ಎರಡರಲ್ಲೂ ಅದೇ ಬದಿ, ಅದೇ ಜಾಗ. ಬೆರಳಿನ ಗುರುತಿಲ್ಲ. ಏನೋ ದುಂಡಗಿರೋದು ಒತ್ತಿದೆ."

ನನಗೆ ರೇಗಿತು. ತಳಿಯೇ ಮುಳುಗಿ ಹೋಗುತ್ತಿದೆ, ಇವಳು ಅಕ್ಷರ ತಿದ್ದುತ್ತಿದ್ದಾಳೆ.

ಮಧ್ಯಾಹ್ನ ಡ್ರೈವರ್ ಬಂದ. ಅವನನ್ನು ಎಲ್ಲರೂ ಆಮೆ ಅನ್ನುತ್ತಾರೆ. ಅವನ ವ್ಯಾನನ್ನು ಸೈಕಲ್ಲುಗಳು ದಾಟಿ ಹೋಗುತ್ತವೆ. ಆದರೂ ನಾನು ಬಿಡಲಿಲ್ಲ.

"ಹೇಳು. ಎಲ್ಲಿ ಎತ್ತಿ ಹಾಕಿದೆ?"

"ಅಕ್ಕಾ, ನಿಮ್ಮ ಡಬ್ಬ ಸೀಟಿನ ಮೇಲೆ ಹಾಸಿಗೆ ಹಾಕಿ ಇಡ್ತೀನಿ. ನನ್ನ ಹೆಂಡತಿಗೂ ಆ ಮರ್ಯಾದೆ ಇಲ್ಲ."

"ಹಾಗಾದರೆ ಮೊಟ್ಟೆ ತಾವೇ ಕುಣಿದವಾ? ಬಿಸಿಲಲ್ಲಿ ನಿಲ್ಲಿಸಿ ಚಹಾಕ್ಕೆ ಹೋದೆಯಾ?"

"ಬಾತುಕೋಳಿ ಸಾಕೋರ ಮೊಟ್ಟೆ ಡಬ್ಬನೂ ಪಕ್ಕದಲ್ಲೇ ಇತ್ತು ಅಕ್ಕ. ಎರಡು ಸಲವೂ. ಅವರೇನೂ ಬೈದಿಲ್ಲ."

ಚಿಕ್ಕಮ್ಮ ತಲೆ ಎತ್ತಿದಳು. "ಅದೂ ಟೀಚರ್ ಹತ್ತಿರವೇ ಹೋಗೋದಾ?"

"ಅಲ್ಲಿಗೇ ಅಮ್ಮ."

"ಈ ಕದಡಿದ ಶಾಯಿ — ನಿನ್ನ ಕೈಗೆ ಬಂದಾಗಲೇ ಹೀಗಿತ್ತಾ?"

"ಹೀಗೇ ಇತ್ತು. ನನ್ನ ಅಂಗಿಗೆ ಅಂಟೀತು ಅಂತ ಆ ಬದಿ ಆಚೆ ತಿರುಗಿಸಿ ಹಿಡ್ಕೊಂಡೆ."

ಟೀಚರ್‌ಗೆ ಫೋನ್ ಮಾಡಿದೆವು. ಬಾತಿನ ಹತ್ತು ಮೊಟ್ಟೆಯಲ್ಲಿ ಒಂಬತ್ತು ನರ ಬಿಟ್ಟಿದ್ದವು. ಅದೇ ವ್ಯಾನು, ಅದೇ ಸೀಟು, ಅದೇ ದಿನ, ಅದೇ ಯಂತ್ರ.

ಆಮೆ ನನ್ನ ಕಡೆ ನೋಡಲಿಲ್ಲ. "ನಾಳೆ ಏಳಕ್ಕೆ ಬರ್ತೀನಿ," ಎಂದಷ್ಟೇ ಹೇಳಿ ಹೋದ. ಬೈಯಲು ಒಬ್ಬನಿದ್ದ, ಅವನೂ ಕೈತಪ್ಪಿ ಹೋದ.

"ಹಾಗಾದರೆ ಯಾರು?" ಅಂದೆ. "ದಾರಿ ಅಲ್ಲ, ಯಂತ್ರ ಅಲ್ಲ, ಹುಂಜ ಅಲ್ಲ. ದೆವ್ವವಾ?"

ಚಿಕ್ಕಮ್ಮ ಅಂಗಳದ ತಂತಿಯ ಕಡೆ ನೋಡುತ್ತಿದ್ದಳು. "ಆ ಬಿಳಿ ಟವೆಲ್ ಯಾರದು?"

"ಮಾವನದು. ಆ ನೀಲಿ ಕಲೆಗಾ? ಕೇಳಬೇಡ. ಉಜ್ಜಿ ಉಜ್ಜಿ ಕೈ ಸವೆಯಿತು. ಒಂದು ಕಲೆ ಮಾಸಿತು ಅನ್ನೋಷ್ಟರಲ್ಲಿ ಇನ್ನೊಂದು."

"ಶಾಯಿ ಮುಟ್ಟೋದು ನೀನು. ಕಲೆ ಅವರ ಟವೆಲ್ಲಿಗೆ ಯಾಕೆ?"

"ಡಬ್ಬ ಎತ್ತಿಡುವಾಗ ಕೈಗೆ ಅಂಟಿರುತ್ತೆ. ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ?"

ಚಿಕ್ಕಮ್ಮ ಒಳಗೆ ಪೇಪರ್ ಓದುತ್ತಿದ್ದ ಮಾವನನ್ನು ಕರೆದಳು.

"ಬೀಗರೇ, ನಿಮ್ಮ ಕಟ್ಟು ನೋಡಬೇಕು ಅಂತ ಆಸೆ. ಅಂಗಡಿ ಮೊಟ್ಟೆ ಹಾಕಿ ಒಂದು ಡಬ್ಬ ಕಟ್ಟಿ ತೋರಿಸ್ತೀರಾ? ಯಾವಾಗಲೂ ಹೇಗೆ ಮಾಡ್ತೀರೋ ಹಾಗೇ."

ಮಾವನ ಮುಖ ಅರಳಿತು. ಕನ್ನಡಕ ಏರಿಸಿ ಕೂತರು. ಒಂದೊಂದು ಮೊಟ್ಟೆಗೂ ಕಾಗದ ಸುತ್ತಿ, ಚೂಪು ತುದಿ ಕೆಳಗೆ ಮಾಡಿ ಗೂಡಿಗೆ ಇಳಿಸಿದರು. ಹೊಟ್ಟು ತುಂಬಿದರು, ಅಂಗೈಯಿಂದ ಒತ್ತಿದರು, ಮತ್ತೆ ತುಂಬಿದರು. ಮುಚ್ಚಳ ಮುಚ್ಚಿ ದಾರ ಬಿಗಿದರು. ನಾನು ನಾಲ್ಕು ಬದಿಗೂ ಅಲ್ಲಾಡಿಸಬೇಡಿ ಎಂದು ಬರೆದೆ.

"ಆಮೇಲೆ ನೀನೇನು ಮಾಡ್ತೀಯ?" ಚಿಕ್ಕಮ್ಮ ಕೇಳಿದಳು.

"ಡ್ರೈವರ್‌ಗೆ ಫೋನ್ ಮಾಡೋಕೆ ಒಳಗೆ ಹೋಗ್ತೀನಿ."

"ಹೋಗು. ಬಾಗಿಲ ಸಂದಿಯಿಂದ ನೋಡು," ಎಂದು ಮಾವನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

ಹೋದೆ. ನೋಡಿದೆ.

ಮಾವ ಎದ್ದು ನಿಂತರು. ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಬಲಗಿವಿಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ಕುಲುಕಿದರು — ಮೂರು ಸಲ, ಮೈಯೆಲ್ಲ ಅಲ್ಲಾಡುವಷ್ಟು ಜೋರಾಗಿ. ಒಂದು ಗಳಿಗೆ ಕಿವಿಗೊಟ್ಟು ಕೇಳಿದರು.

"ಸದ್ದಿಲ್ಲ," ಅಂದರು. "ಪಾಸ್."

ಡಬ್ಬ ಕೆಳಗಿಟ್ಟು, ಹೆಗಲ ಮೇಲಿದ್ದ ಇನ್ನೊಂದು ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. ಕಿವಿ ನೀಲಿಯಾಗಿತ್ತು.

ನಾನು ಹೊರಗೆ ಬಂದಾಗ ಚಿಕ್ಕಮ್ಮ ಮೆಲ್ಲಗೆ ಮಾತಾಡುತ್ತಿದ್ದಳು. ದೂರಿನ ಮೇಜಿನ ಧ್ವನಿಯೇ ಅಲ್ಲ ಅದು.

"ಬೀಗರೇ, ಗಾಜಿನ ಡಬ್ಬವನ್ನೂ ಹೀಗೇ ನೋಡ್ತಿದ್ರಾ?"

"ಇನ್ನು ಹೇಗೆ ತಾಯಿ? ಒಳಗೆ ಸಡಿಲ ಇದ್ದರೆ ಸದ್ದು ಬರುತ್ತೆ. ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದದ್ದು ಒಂದೂ ಒಡೆದಿಲ್ಲ."

"ಇವೂ ಒಡೆದಿಲ್ಲ. ಅದೇ ತೊಂದರೆ ಆಗಿದ್ದು. ಒಡೆದಿದ್ದರೆ ಮೊದಲ ಸಲವೇ ಕಟ್ಟಿನ ಕಡೆ ನೋಡ್ತಿದ್ವಿ. ಒಂದೂ ಒಡೆಯಲಿಲ್ಲ ಅಂತ ನಿಮ್ಮನ್ನ ಬಿಟ್ಟು ಊರವರನ್ನೆಲ್ಲ ಅನುಮಾನಿಸಿದ್ವಿ. ಎರಡು ಡಬ್ಬದ ಮೇಲೂ ಕಿವಿಯ ಗುರುತಿದೆ, ಟವೆಲ್ಲಿನ ಮೇಲೆ ಎರಡು ಕಲೆ ಇದೆ. ಗಾಜನ್ನ ಕುಲುಕಿದರೆ ಗಾಜು ಗಾಜೇ. ಮೊಟ್ಟೆಯ ಚಿಪ್ಪು ನಿಮ್ಮ ಕಟ್ಟಿನಲ್ಲಿ ಉಳೀತು, ಒಳಗಿನ ಗಾಳಿಗುಳ್ಳೆ ಕಿತ್ತು ಹೋಯಿತು."

ಮಾವ ಡಬ್ಬದ ಮೇಲಿನ ಅಕ್ಷರ ನೋಡಿದರು.

"ನಾನೇನಾ?" ಎಂದು ನನ್ನನ್ನು ಕೇಳಿದರು.

ಸುಳ್ಳು ಹೇಳುವುದಿಲ್ಲ, ನನಗೆ ಕೋಪ ಬಂತು. ಇಪ್ಪತ್ನಾಲ್ಕು ಮೊಟ್ಟೆ. ಎರಡು ವಾರದ ನಿದ್ದೆ. ಆದರೆ ಆ ಎರಡೂ ದಿನ ಅವರ ಕಿವಿಯಲ್ಲಿ ನೀಲಿ ಇದ್ದದ್ದನ್ನು ನಾನೇ ನೋಡಿದ್ದೆ, ನಕ್ಕಿದ್ದೆ, ಮರೆತಿದ್ದೆ.

"ಹೂಂ, ಮಾವ," ಅಂದೆ.

"ನಾಳೆ ನೀನೇ ಕಟ್ಟು ಮಗಳೇ." ಅವರು ಎದ್ದು ಹೋಗಿ ದಾರದ ಉಂಡೆಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟುಬಿಟ್ಟರು.

ಬೆಳಿಗ್ಗೆ ಸ್ಟೂಲ್ ಹಾಕಿ ಅದನ್ನು ಇಳಿಸಿ ಅವರ ಮುಂದೆ ಇಟ್ಟೆ. "ನನಗೆ ಈ ಗಂಟು ಬರಲ್ಲ. ಸುಮ್ಮನೆ ಹೊತ್ತು ಕಳೀಬೇಡಿ, ವ್ಯಾನ್ ಬರುತ್ತೆ."

ಕಟ್ಟಿದರು. ಕೊನೆಯ ಗಂಟು ಬಿದ್ದ ಮೇಲೆ ಡಬ್ಬ ತಾನಾಗಿಯೇ ಅವರ ಎದೆಯವರೆಗೆ ಏರಿತು. ಮಾವ ನನ್ನನ್ನು ನೋಡಿದರು, ಮೆಲ್ಲಗೆ ಇಳಿಸಿದರು. ಆಮೇಲೆ ಅಂಗಿ ಬದಲಿಸಿಕೊಂಡು ಬಂದು, ನಾಲ್ಕು ಗಂಟೆಯ ದಾರಿಯನ್ನು ಡಬ್ಬ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ ಅಂದರು. ಆಮೆ ಸೀಟಿನ ಹಾಸಿಗೆ ಸರಿಪಡಿಸಿದ. ಅವನಿಗೆ ಚಹಾ ಕೊಟ್ಟು, "ನಿನ್ನೆ ತಪ್ಪು ಮಾತಾಡಿದೆ," ಅಂದೆ. "ಸಕ್ಕರೆ ಕಡಿಮೆ ಅಕ್ಕ," ಅಂದ.

ಇಪ್ಪತ್ತೆರಡನೇ ದಿನ ಫೋನ್ ಬಂತು. ನಾನು ಓಡಿ ಬರುವಷ್ಟರಲ್ಲಿ ಮಾವ ಎತ್ತಿಕೊಂಡಿದ್ದರು. ಟೀಚರ್ ಏನೂ ಹೇಳದೆ ಫೋನನ್ನು ಯಂತ್ರದೊಳಗೆ ಹಿಡಿದಿದ್ದರಂತೆ. ಮಾವ ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು.

"ಮಾವ, ಎಷ್ಟು ಅಂತ ಕೇಳಿ."

"ಸದ್ದು ಬರ್ತಿದೆ," ಅಂದರು.

"ಎಷ್ಟು, ಮಾವ? ಫೋನ್ ಕೊಡಿ ಇಲ್ಲಿ."

ಏಳು ಮರಿ ಎಂದು ನನಗೆ ಗೊತ್ತಾದದ್ದು ಹತ್ತು ನಿಮಿಷದ ಮೇಲೆ. ಅಲ್ಲಿಯವರೆಗೆ ಮಾವ ನನಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕೇಳುತ್ತಲೇ ಇದ್ದರು.